ಕಳ್ಳ ಕುಬಸದ ಖಣ

ಬೈಲಹೊಂಗಲದ ಬಜಾರದಲ್ಲಿ ನನ್ನದೊಂದು ಸೀರೆ ಅಂಗಡಿ ಇದೆ. ಮೂರು ಕಡೆ ಕಪಾಟು, ನಡುವೆ ಬಿಳಿ ಗಾದಿ, ಮೂಲೆಯಲ್ಲಿ ಚಹಾದ ಕಿಟ್ಲಿ. ರಾಮದುರ್ಗದಿಂದ ಮದುವೆಯಾಗಿ ಬಂದವಳು ನಾನು. ಗಂಡನೊಬ್ಬನ ದುಡಿಮೆಯಿಂದ ಮನೆ ನಡೆಯುವುದಿಲ್ಲ ಎಂದು ಗೊತ್ತಾದ ಮೇಲೆ ಖಣದ ಗಂಟು ಹೊತ್ತು ಸಂಪಗಾಂವ, ಕಿತ್ತೂರು, ದೊಡವಾಡದ ಓಣಿಗಳನ್ನು ಸುತ್ತಿದೆ. ಖಣವೆಂದರೆ ಕುಬಸ, ಅಂದರೆ ರವಿಕೆ, ಹೊಲಿಸುವ ಅಂಚಿನ ಅರಿವೆ. ಗಂಟಿನಿಂದ ಗಾದಿಗೆ ಬರಲು ನನಗೆ ಅರ್ಧ ಆಯುಷ್ಯ ಹಿಡಿಯಿತು. ಅಷ್ಟರಲ್ಲಿ ಕಲಿತ ಮುಖ್ಯ ವಿದ್ಯೆಯೆಂದರೆ ಗಿರಾಕಿಯ ಬಾಯಿಯನ್ನು ಬಿಟ್ಟು ಕೈಯನ್ನು ನೋಡುವುದು. ಬೆಲೆ ಕೇಳುವುದು ಒಂದು ಸೀರೆಗೆ, ಕೈ ಸವರುವುದು ಇನ್ನೊಂದನ್ನು. ಬೇಕಾದದ್ದು ಎರಡನೆಯದು. ವ್ಯಾಪಾರ ಮಾಡುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಹೆಣ್ಣು ನೋಡಲು ಹೋಗುವವರೂ ನೆನಪಿಟ್ಟುಕೊಂಡರೆ ನಷ್ಟವಿಲ್ಲ.

ನನ್ನ ಅಂಗಡಿಗೆ ಇನ್ನೊಂದು ನೇಮವಿದೆ. ಕಳ್ಳ ಕುಬಸಕ್ಕೆ ಖಣ ಒಯ್ಯುವವರನ್ನು ಯಾರಿಗೆಂದು ಕೇಳುವುದಿಲ್ಲ. ನಮ್ಮ ಕಡೆ ಬಸುರಿಗೆ ಎರಡು ಸಲ ಕುಬಸದ ಶಾಸ್ತ್ರ ಮಾಡುತ್ತಾರೆ. ತಿಂಗಳು ತುಂಬುತ್ತ ಬಂದಾಗ ಮಾಡುವುದು ಊರಿಗೆ ಗೊತ್ತಾಗುವ ಕುಬಸ. ಹಸಿರು ಸೀರೆ, ಹಸಿರು ಬಳೆ, ಬುತ್ತಿ ಕಟ್ಟಿಕೊಂಡು ಬರುವ ಬೀಗರು, ಆರತಿ, ಫೋಟೋ ಎಲ್ಲ ಇರುತ್ತದೆ. ಅದಕ್ಕೂ ಮೊದಲು, ಹೊಟ್ಟೆ ಕಾಣಿಸುವ ಮುಂಚೆಯೇ, ತಾಯಿಯೊಬ್ಬಳು ಮಗಳನ್ನು ಒಳಮನೆಯಲ್ಲಿ ಕೂರಿಸಿ ಒಂದು ಖಣ ಕೊಟ್ಟು ಉಡಿ ತುಂಬುತ್ತಾಳೆ. ನೆರೆಯವರಿಗೆ ಸುದ್ದಿಯಿಲ್ಲ. ಅದು ಕಳ್ಳ ಕುಬಸ. ಬಸಿರು ಇನ್ನೂ ಗಟ್ಟಿಯಾಗಿ ನಿಂತಿರುವುದಿಲ್ಲ, ಯಾರ ಕಣ್ಣಿಗೂ ಬೀಳಬಾರದು ಎಂಬುದು ಅದರ ಹಿಂದಿನ ಎಣಿಕೆ. ಅದಕ್ಕೆ ಖಣ ಒಯ್ಯುವವರು ಅಂಗಡಿಯ ಹೆಸರಿರುವ ಚೀಲ ಬೇಡವೆನ್ನುತ್ತಾರೆ. ಹಳೆಯ ಪೇಪರಿನಲ್ಲಿ ಸುತ್ತಿ ಕೊಟ್ಟರೆ ಸಾಕು. ನಾನು ಸುತ್ತಿ ಕೊಡುತ್ತೇನೆ, ಮಾತು ಮಳೆಯ ಮೇಲೋ ಹತ್ತಿಯ ಮೇಲೋ ಹೋಗುತ್ತದೆ.

ಹೋದ ವರ್ಷ ಕಾರಹುಣ್ಣಿವೆ ಮುಗಿದ ಹೊಸದರಲ್ಲಿ ನನ್ನ ತಂಗಿ ಸಿರಸಂಗಿಯಿಂದ ಬಂದಳು. ಅವಳನ್ನು ಕೊಟ್ಟಿರುವುದು ಅಲ್ಲಿಗೆ. ಅವಳ ಒಬ್ಬಳೇ ಮಗಳನ್ನು ದೊಡವಾಡಕ್ಕೆ ಕೊಟ್ಟಿದ್ದೆವು. ತಂಗಿ ಗಾದಿಯ ಮೇಲೆ ಕುಳಿತುಕೊಳ್ಳಲೂ ಇಲ್ಲ. "ಅಕ್ಕಾ, ಒಂದು ಹಸರ ಖಣ ಕೊಡು. ಪೇಪರ್‌ದಾಗ ಸುತ್ತಿ ಬಿಡು" ಎಂದಳು. ನಾನು ಕೇಳಲಿಲ್ಲ. ಕೇಳದಿದ್ದರೂ ಅವಳ ಮುಖ ಹೇಳುತ್ತಿತ್ತು.

ಆಮೇಲೆ ಆ ಬಗ್ಗೆ ಸುದ್ದಿ ಬರಲಿಲ್ಲ. ಪಂಚಮಿಗೆ ಮಗಳು ತವರಿಗೆ ಬಂದಿದ್ದಾಗ ನಾನೂ ಸಿರಸಂಗಿಗೆ ಹೋಗಿದ್ದೆ. ಅವಳು ಜೋಕಾಲಿ ಏರಲಿಲ್ಲ, ಉಂಡಿಯನ್ನೂ ಮುಟ್ಟಲಿಲ್ಲ, ಮುಖ ಬಿಳಿಚಿಕೊಂಡಿತ್ತು. "ಬಿಸಲಿಗೆ ಹಂಗಾಗೈತಿ" ಎಂದಳು ತಂಗಿ. ಶ್ರಾವಣದಲ್ಲಿ ಎಲ್ಲಿಯ ಬಿಸಿಲು?

ಈ ವರ್ಷ ಶಿವರಾತ್ರಿಯ ಹೊತ್ತಿಗೆ ತಂಗಿ ಮತ್ತೆ ಬಂದಳು. ಮತ್ತೆ ಒಂದೇ ಖಣ, ಮತ್ತೆ ಪೇಪರು. ನಾನು ವಾಡಿಕೆಯಂತೆ ಹಸಿರು ತೆಗೆದೆ. ಅವಳು ಅದನ್ನು ಮುಟ್ಟದೆ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. "ಹಸರ ಬ್ಯಾಡಕ್ಕ. ಬ್ಯಾರೆ ಯಾವುದರ ಕೊಡು." ಕುಸುಬಿ ಬಣ್ಣದ್ದನ್ನು ಕೊಟ್ಟೆ. ಹೋದ ವರ್ಷದ ಹಸಿರು ಖಣದ ಗತಿ ಏನಾಯಿತು ಎಂಬುದು ಆಗ ನನಗೆ ತಿಳಿಯಿತು.

ಎರಡು ತಿಂಗಳ ನಂತರ ದೊಡವಾಡದ ಬೀಗತಿ, ಅಂದರೆ ಹುಡುಗಿಯ ಅತ್ತೆ, ಸೊಸೆಯನ್ನು ಕರೆದುಕೊಂಡು ನನ್ನ ಅಂಗಡಿಗೆ ಬಂದರು. ಎದುರಿನ ಓಣಿಯಲ್ಲೇ ಹೆರಿಗೆ ಆಸ್ಪತ್ರೆ. ಗಟ್ಟಿ ಆಳು ಆಕೆ. ಸ್ವಂತ ಹೊಲದ ಕಡಲೆಯನ್ನು ತಾವೇ ನಿಂತು ತೂಗಿಸುವವರು, ಮಾತಿನಲ್ಲಿ ನನಗೆ ಸರಿಸಮ. ಚೀಲವನ್ನು ನನ್ನ ಗಾದಿಯ ಮೇಲಿಟ್ಟು, "ಏನ್ರಿ ಬೀಗತಿಯವ್ರ, ಬರೇ ಅರಿವಿ ಮಾರೂದ ಆತೇನ? ಬರ್ರಿ ನಮ್ಮ ಜೋಡಿ. ಡಾಕ್ಟರ್ ಬಾಯಾರು ಇಂಗ್ಲೀಷ್ ಮಾತಾಡಿದ್ರ ನೀವ ಚೌಕಾಸಿ ಮಾಡಬೇಕು" ಎಂದರು. ಅಂಗಡಿಯನ್ನು ಪಕ್ಕದ ಕಿರಾಣಿಯವರಿಗೆ ನೋಡಿಕೊಳ್ಳಲು ಹೇಳಿ ಹೋದೆ.

ಡಾಕ್ಟರ್ ಬಾಯಿ ನಮ್ಮ ಕಡೆಯವರೇ, ಕನ್ನಡದಲ್ಲೇ ಮಾತಾಡಿದರು. ರಕ್ತದ ಚೀಟಿ ನೋಡಿ, "ಈಕಿದು ನೆಗೆಟಿವ್ ಐತಿ. ಗಂಡಂದು?" ಎಂದರು.

"ಪಾಸಿಟಿವ್ ರೀ. ಗ್ರಾಮ ಪಂಚಾಯ್ತಿಯಾಗ ರಕ್ತ ಕೊಟ್ಟಾನ, ಕಾರ್ಡ್ ಐತಿ" ಎಂದರು ಬೀಗತಿ. ಸ್ವಲ್ಪ ತಡೆದು, "ನೆಗೆಟಿವ್ ಅಂದ್ರ ಚಲೋನ ಅಲ್ಲೇನ್ರಿ? ಕೊರೊನಾದಾಗ ನೆಗೆಟಿವ್ ಬಂದ್ರ ಸಕ್ಕರಿ ಹಂಚತಿದ್ವಿ" ಎಂದು ಕೇಳಿದರು.

ಡಾಕ್ಟರ್ ನಕ್ಕರು. ಇದು ಕೆಟ್ಟದ್ದೂ ಅಲ್ಲ ಒಳ್ಳೆಯದೂ ಅಲ್ಲ, ರಕ್ತದ ಒಂದು ಗುರುತು ಇವಳಲ್ಲಿಲ್ಲ ಅಷ್ಟೆ, ಕೂಸಿಗೆ ತಂದೆಯಿಂದ ಆ ಗುರುತು ಬಂದಿರಬಹುದು ಎಂದರು. ಬಂದರೆ ತಾಯಿಯ ಮೈ ಅದನ್ನು ಹೊರಗಿನದೆಂದು ಹಿಡಿಯುವ ಸಂಭವ ಇರುತ್ತದಂತೆ.

ನನಗೆ ಒಂದು ಪ್ರಶ್ನೆ ಮೊದಲಿನಿಂದಲೂ ಇತ್ತು. ನನ್ನ ಪಕ್ಕದ ಕಿರಾಣಿಯವರಿಗೆ ಸ್ವಂತ ತಮ್ಮನ ಕಿಡ್ನಿ ಹಾಕಿದ್ದಾರೆ. ಒಂದೇ ತಾಯಿಯ ಮಕ್ಕಳು. ಆದರೂ ಮೈ ಅದನ್ನು ಒಪ್ಪಿಕೊಳ್ಳದು ಎಂದು ಸಾಯುವ ತನಕ ಗುಳಿಗೆ ನುಂಗಬೇಕು. "ತಮ್ಮನ ಕಿಡ್ನೀನ ಮೈ ಒಗೀತೈತಿ ಅಂದ್ರ, ಮಂದಿ ಮನಿ ಗಂಡಸಿನ ಕೂಸು ಒಂಬತ್ತು ತಿಂಗಳು ಹೆಂಗ ಒಳಗ ಕುಂದರತೈತ್ರಿ?" ಎಂದೆ.

"ನನ್ನ ಮಗ ಮಂದಿ ಮನ್ಯಾಂವ ಏನ್ರಿ?" ಎಂದರು ಬೀಗತಿ.

"ಮೈಗೆ ಬೀಗರು ಅಂತ ತಿಳಕೋರಿ" ಎಂದರು ಡಾಕ್ಟರ್.

"ಬೀಗರು ಒಂಬತ್ತು ತಿಂಗಳು ಬಂದು ಕುಂತ್ರ ಯಾರ ಸುಮ್ಮಿರತಾರ್ರಿ? ಮೂರನೇ ದಿನಕ್ಕ ಬಸ್ಸಿನ ಟೈಮ್ ಹೇಳತಾರ."

ಹುಡುಗಿಯೂ ನಕ್ಕಳು. ಅವತ್ತು ಅವಳು ನಕ್ಕದ್ದು ಅದೊಂದೇ ಸಲ.

ಹೊರಗೆ ಜನ ಕಾಯುತ್ತಿದ್ದರೂ ಡಾಕ್ಟರ್ ಬಿಡಿಸಿ ಹೇಳಿದರು. "ನಮ್ಮ ಮೈಯಾಗಿನ ಒಂದೊಂದು ಕಣಕ್ಕೂ ಒಂದು ಗುರುತ ಇರತೈತಿ. ಕಾವಲು ಕಾಯೋ ಕಣ ಬ್ಯಾರೆ ಅದಾವ. ಅವು ಆ ಗುರುತ ನೋಡಿ ಇವರು ಮನಿಯವರು, ಇವರು ಹೊರಗಿನವರು ಅಂತ ವಿಂಗಡ ಮಾಡತಾವ. ಈಗ ಮಾಸು ಐತೆಲ್ಲ, ಹಡದ ಮ್ಯಾಲ ಬೀಳೋದು, ಅದು ತಾಯಿದಲ್ಲ. ಕೂಸಿನ ಕಡಿಯಿಂದ ಬೆಳದದ್ದು. ತಾಯಿಗೆ ಹತ್ತಿಕೊಂಡಿರೋ ಅದರ ಹೊರಗಿನ ಕಣ ತಂದಿ ಗುರುತ ತೋರಸೂದಿಲ್ಲ. ಅದನ್ನ ಮುಚ್ಚಿಕೊಂಡು, ಎಲ್ಲಾ ಮಂದಿಯೊಳಗ ಬಹುಶಃ ಒಂದ ನಮೂನಿ ಇರೋ ಮತ್ತೊಂದು ಗುರುತ ಮ್ಯಾಲ ಹಾಕ್ಕೊಂಡಿರತಾವ. ಕಾವಲಿನವು ಅದನ್ನ ನೋಡಿ ಸುಮ್ಮನಾಗತಾವ."

ಅವರು ಕಣ ಎಂದಾಗಲೆಲ್ಲ ನನ್ನ ಕಿವಿಗೆ ಖಣ ಎಂದೇ ಬೀಳುತ್ತಿತ್ತು. ನಮ್ಮ ಕಡೆ ಬಾಯಲ್ಲಿ ಎರಡಕ್ಕೂ ಹೆಚ್ಚು ಫರಕಿಲ್ಲ. ಗುರುತು ಮುಚ್ಚಿಕೊಳ್ಳುವ ಖಣ ಯಾವುದೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. "ಅಂದ್ರ ಮಾಸು ಕಳ್ಳ ಕುಬಸ ತೊಟ್ಟಿರತೈತಿ ಅನ್ರಿ" ಎಂದೆ.

ಡಾಕ್ಟರ್ ತಲೆ ಆಡಿಸಿದರು. ಆದರೆ ಇದರಲ್ಲಿ ಬರೀ ಕಳ್ಳತನವಿಲ್ಲ, ತಾಯಿಯ ಮೈಯೂ ಕೈ ಜೋಡಿಸುತ್ತದೆ ಎಂದರು. ಜಗಳ ಬಿಡಿಸುವ ಹಿರಿಯರಂಥ ಕಣಗಳು ಬಸುರಿನಲ್ಲಿ ಹೆಚ್ಚಾಗುತ್ತವಂತೆ, ಕೈ ಎತ್ತಲು ಹೊರಟ ಕಾವಲಿನವರನ್ನು ತಡೆಯುತ್ತವಂತೆ. ಗರ್ಭದಲ್ಲಿರುವ ಕೆಲವು ಕಾವಲು ಕಣಗಳಂತೂ ಹೊಡೆಯುವ ಕೆಲಸ ಬಿಟ್ಟು, ಕೂಸಿಗೆ ರಕ್ತ ಹರಿಯುವ ನಾಳಗಳನ್ನು ಅಗಲ ಮಾಡಿಕೊಡುತ್ತವಂತೆ. ಹಾಗೆಂದು ಕಾವಲನ್ನೇ ತೆಗೆದಿರುವುದಿಲ್ಲ. ಬಸುರಿಗೆ ಕೆಮ್ಮು ಜ್ವರ ಬಂದರೆ ಅದೇ ಕಾವಲು ಕಾದಾಡುತ್ತದೆ. ಅದು ನನಗೆ ಒಳ್ಳೆಯ ವ್ಯವಹಾರವಾಗಿ ಕಂಡಿತು. ಎರಡೂ ಕಡೆಯವರು ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟಿದ್ದಾರೆ, ಯಾರೂ ಅಂಗಡಿ ಮುಚ್ಚಿಲ್ಲ.

"ಆದ್ರ ಈ ಒಪ್ಪಂದ ರಕ್ತಕ್ಕಿಲ್ಲ" ಎಂದರು ಡಾಕ್ಟರ್. "ಕೂಸಿನ ರಕ್ತ ತಾಯಿ ರಕ್ತ ಹಂಗ ಕೂಡೂದಿಲ್ಲ. ಹಡಿಯೋ ಮುಂದ, ಇಲ್ಲಾ ಬಸರ ಹೋದಾಗ, ಒಂದೀಟು ಕೂಡತೈತಿ. ಆವಾಗ ತಾಯಿ ಮೈ ಆ ಗುರುತ ನೋಡಿಬಿಟ್ರ ಮುಗೀತು, ಅದನ್ನ ಮರಿಯೂದಿಲ್ಲ. ಆ ಕೂಸಿಗೇನೂ ಆಗೂದಿಲ್ಲ. ಮುಂದಿನ ಕೂಸಿನ ರಕ್ತದ ಮ್ಯಾಲ ಬೀಳತೈತಿ. ಕೂಸಿಗೆ ರಕ್ತ ಕಡಿಮಿ ಆಗತೈತಿ, ಕಾಮಾಲಿ ಏರತೈತಿ, ಭಾಳ ಆದ್ರ ಹೊಟ್ಟ್ಯಾಗ ಉಳಿಯೂದಿಲ್ಲ. ಮೈ ಆ ಗುರುತ ಹಿಡಿಯೂಕಿಂತ ಮೊದಲ ಒಂದು ಇಂಜೆಕ್ಷನ್ ಕೊಟ್ರ ತಡೀಬಹುದು. ಹಿಡದ ಮ್ಯಾಲ ಅದು ಉಪಯೋಗಿಲ್ಲ, ಬ್ಯಾರೆ ದಾರಿ ನೋಡಬೇಕಾಗತೈತಿ. ಈಗ ಹೇಳ್ರಿ, ಇದು ಚೊಚ್ಚಲನಾ?"

"ಚೊಚ್ಚಲ ರೀ" ಎಂದರು ಬೀಗತಿ.

ಡಾಕ್ಟರ್ ಹುಡುಗಿಯ ಕಡೆ ನೋಡಿದರು. "ಹಿಂದ ಯಾವುದರ ಹೋಗಿತ್ತೇನವಾ?"

ಹುಡುಗಿ ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು: "ಚೊಚ್ಚಲ ಅಂತ ಹೇಳಿದ್ನೆಲ್ರಿ. ಹೋದ ವರ್ಷ ಒಮ್ಮೆ ತಿಂಗಳು ಹಿಂದ ಮುಂದ ಆಗಿತ್ತು, ಅಷ್ಟ." ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ತವರಿನವರು ಹಾಗೆಂದೇ ತಿಳಿಸಿದ್ದರು. ಹುಡುಗಿಯ ಹೆಬ್ಬೆರಳು ಸೆರಗಿನ ಅಂಚನ್ನು ಸುರುಳಿ ಸುತ್ತುತ್ತಿತ್ತು, ಬಿಚ್ಚುತ್ತಿತ್ತು. ಡಾಕ್ಟರ್ ಅದನ್ನು ನೋಡಿದರು. ನಾನೂ ನೋಡಿದೆ.

"ಇರಲಿ. ಆದ್ರೂ ಮೈ ಗುರುತ ಹಿಡದೈತೋ ಇಲ್ಲೋ ಅಂತ ಒಂದು ರಕ್ತ ತಪಾಸಣಿ ಮಾಡಸ್ರಿ. ಧಾರವಾಡಕ್ಕ ಕಳಸತೇವಿ" ಎಂದು ಡಾಕ್ಟರ್ ಚೀಟಿ ಬರೆದರು.

"ಚೊಚ್ಚಲಕ್ಕ ಏನೂ ಆಗೂದಿಲ್ಲ ಅಂತ ನೀವ ಹೇಳಿದ್ರಿ. ಮತ್ಯಾಕ ಹುಡುಗಿನ್ನ ಚುಚ್ಚೂದು? ಮೈಯಾಗ ರಕ್ತ ಮೊದಲ ಇಲ್ಲ. ಕುಬಸ ಆಗಲಿ, ಆಮ್ಯಾಲ ನೋಡೂಣು" ಎಂದು ಬೀಗತಿ ಚೀಟಿಯನ್ನು ಮಡಚಿ ಎಲೆಅಡಿಕೆ ಚೀಲಕ್ಕೆ ಹಾಕಿದರು. ತಡ ಮಾಡಬೇಡಿ ಎಂದರು ಡಾಕ್ಟರ್. ಅಷ್ಟರಲ್ಲಿ ಹೊರಗಿನಿಂದ ಮುಂದಿನವರು ಒಳಗೆ ಬಂದಾಗಿತ್ತು.

ಓದುವವರಿಗೆ ಇಲ್ಲೊಂದು ಮಾತು ಹೇಳುತ್ತೇನೆ. ಬಸುರಿಯ ಜೊತೆ ಆಸ್ಪತ್ರೆಗೆ ಹೋದಾಗ ಸ್ವಲ್ಪ ಹೊತ್ತು ಅವಳನ್ನು ಡಾಕ್ಟರ ಬಳಿ ಒಬ್ಬಳನ್ನೇ ಬಿಟ್ಟು ಹೊರಗೆ ಬನ್ನಿ. ಚಹಾ ಕುಡಿಯುವ ನೆವ ಮಾಡಿದರೂ ನಡೆಯುತ್ತದೆ. ಮದುವೆಗೆ ಮೊದಲು ಕುಲದ ಬೆಡಗು ಕೇಳುತ್ತೇವೆ, ಹೊಲ ಕೇಳುತ್ತೇವೆ, ರಕ್ತದ ಗುಂಪನ್ನೂ ಒಮ್ಮೆ ಕೇಳಿಟ್ಟುಕೊಳ್ಳಿ. ಮದುವೆ ಮುರಿಯಲು ಅಲ್ಲ, ಮುಂದೆ ಲೆಕ್ಕ ತಪ್ಪದಿರಲು.

ಅಂಗಡಿಗೆ ಮರಳಿದಾಗ ನನ್ನ ಎದುರು ಎರಡು ದಾರಿಗಳಿದ್ದವು. ಬೀಗತಿಗೆ ನೇರ ಹೇಳಿಬಿಡಬಹುದಿತ್ತು. ಹೇಳಿದ್ದರೆ ತಂಗಿಯ ಮಾನ ಹೋಗುತ್ತಿತ್ತು, ಮುಚ್ಚಿಟ್ಟರು ಎಂಬ ಮಾತು ಹುಡುಗಿಯ ತಲೆಯ ಮೇಲೆ ಆಯುಷ್ಯಪೂರ್ತಿ ಕೂರುತ್ತಿತ್ತು. ಸುಮ್ಮನಿದ್ದರೆ ಕುಬಸದ ತನಕ ಆ ಚೀಟಿ ಎಲೆಅಡಿಕೆ ಚೀಲದಲ್ಲೇ ಇರುತ್ತಿತ್ತು, ಹೊಟ್ಟೆಯಲ್ಲಿರುವ ಕೂಸು ಅಷ್ಟು ದಿನ ತಡೆಯುತ್ತದೆಂಬ ಖಾತ್ರಿ ಇರಲಿಲ್ಲ. ಇಂಥಲ್ಲಿ ಬೇಕಾದ ವಸ್ತುವಿಗೆ ಕೈ ಹಾಕದೆ ಪಕ್ಕದ್ದನ್ನು ಎತ್ತಬೇಕು.

ಹುಡುಗಿಯನ್ನು ಒಳಗಿನ ಕೋಣೆಗೆ ಕಳಿಸಿ ರೊಟ್ಟಿ, ಮೊಸರು ಕೊಟ್ಟೆ. ಬೀಗತಿಯ ಮುಂದೆ ದೊಡ್ಡ ಕುಬಸಕ್ಕೆಂದು ಹಸಿರು ಸೀರೆಗಳನ್ನು ಬಿಚ್ಚಿ ಹಾಕಿದೆ.

"ಈಗ ಯಾಕ್ರಿ, ಇನ್ನೂ ದಿನ ಅದಾವ" ಎಂದರು, ಕೈ ಮಾತ್ರ ಸೆರಗಿನ ಮೇಲಾಡುತ್ತಿತ್ತು.

"ನೋಡಿಡ್ರಿ. ನೋಡಾಕ ಏನ ಕೊಡಬೇಕಾಗಿಲ್ಲ" ಎಂದೆ. ಚಹಾ ಸೋಸಿದೆ. "ಬೀಗತಿಯವ್ರ, ನಿಮಗ ಎಷ್ಟು ಬಸರ್ರಿ?"

"ನಾಕು. ಎರಡು ಗಂಡು, ಎರಡು ಹೆಣ್ಣು. ನಿಮಗ ಗೊತ್ತಿಲ್ಲೇನ, ಲಗ್ನದಾಗ ಎಲ್ಲಾರಿಗೂ ಅರಿವಿ ಹಚ್ಚಸಿದ್ರೆಲ್ಲ."

"ಹಡದದ್ದು ಕೇಳಲಿಲ್ಲರಿ. ಬಸರ ಎಷ್ಟು ಅಂತ ಕೇಳಿದ್ನಿ."

ಅವರ ಕೈ ಸೀರೆಯ ಮೇಲೆ ನಿಂತಿತು. ಚಹಾದ ಕಪ್ಪನ್ನು ಎತ್ತಿಕೊಂಡರು, ಕುಡಿಯದೆ ಕೆಳಗಿಟ್ಟರು. ಹೊರಗೆ ಟೆಂಪೋದವನೊಬ್ಬ ಯಾರನ್ನೋ ಬೈಯುತ್ತಿದ್ದ.

"ಆರು" ಎಂದರು.

ನಾನು ಒಂದು ಸೀರೆಯನ್ನು ಮಡಚತೊಡಗಿದೆ.

"ದೊಡ್ಡಾಂವನಕಿಂತ ಮೊದಲ ಒಂದು, ನಡುವ ಒಂದು. ನಮ್ಮತ್ತಿಗೆ ಗೊತ್ತಾಗಲಿಲ್ಲ. ಇವರಿಗೂ ಹೇಳಲಿಲ್ಲ. ನಮ್ಮವ್ವಗ ಒಬ್ಬಾಕಿಗೆ ಗೊತ್ತಿತ್ತು." ಆಮೇಲೆ ಒಳಕೋಣೆಯ ಬಾಗಿಲ ಕಡೆ ನೋಡಿದರು. "ಹುಡುಗೀದೂ ಹೋಗಿತ್ತೇನ್ರಿ?"

ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಸೀರೆಯ ಮಡಿಕೆ ಸರಿ ಮಾಡಿದೆ. ಅಂಗಡಿಯ ನೇಮ ಮುರಿಯಲಿಲ್ಲ ಎಂದು ಇಂದಿಗೂ ಹೇಳಬಲ್ಲೆ.

"ನನ್ನ ಮುಂದ ಯಾಕ ಹೇಳಲಿಲ್ಲಾಕಿ?"

"ನೀವು ಯಾರ ಮುಂದ ಹೇಳಿದ್ರಿ?"

ಆಕೆ ನನ್ನನ್ನು ನೋಡಿದ ರೀತಿ ನೆನಪಿದೆ. ಚೌಕಾಸಿಯಲ್ಲಿ ಸೋತವರು ಹಾಗೆ ನೋಡುತ್ತಾರೆ, ಸಿಟ್ಟು ಅರ್ಧ, ಲೆಕ್ಕ ಅರ್ಧ. ಸೊಸೆಯ ಬಸಿರು ನಿಲ್ಲುವುದಿಲ್ಲ ಎಂದು ನಾಲ್ಕು ಮಂದಿಯ ಮುಂದೆ ಆಡಿಬಿಡಬಹುದಾದ ಹೆಂಗಸು ಅವರು. ಆ ಮಾತು ಅವತ್ತು ಅವರ ಬಾಯಿಗೆ ಬರಲಿಲ್ಲ. ಎದ್ದು ಒಳಗೆ ಹೋದರು. ನಾನು ಗಾದಿಯ ಮೇಲೆಯೇ ಕುಳಿತೆ. ಒಳಗಿನಿಂದ ಹುಡುಗಿ ಅಳುವುದು ಕೇಳಿತು, ಆಮೇಲೆ ಅತ್ತೆಯ ಧ್ವನಿ: "ರೊಟ್ಟಿ ಮುಗಸು ಮೊದಲ. ಹಸದ ಹೊಟ್ಟೀಲೆ ರಕ್ತ ತಗದ್ರ ಚಕ್ಕರ ಬಂದ ಬೀಳತೀದಿ."

ಮತ್ತೆ ಮೂವರೂ ಆಸ್ಪತ್ರೆಗೆ ಹೋದೆವು. ಬೀಗತಿ ಸರದಿ ನೋಡದೆ ಬಾಗಿಲು ತಳ್ಳಿ, "ಬಾಯಾರ, ನಂದು ಲೆಕ್ಕ ತಪ್ಪಿತ್ತು. ಇದು ಎರಡನೇದು" ಎಂದರು. ಡಾಕ್ಟರ್ ಹೆಚ್ಚು ಕೇಳಲಿಲ್ಲ. ಆ ಬಸಿರು ಯಾವಾಗ ಹೋಯಿತು, ಆಗ ಯಾರಾದರೂ ಇಂಜೆಕ್ಷನ್ ಕೊಟ್ಟಿದ್ದರೇ ಎಂದಷ್ಟೇ ಕೇಳಿದರು. ಯಾರೂ ಕೊಟ್ಟಿರಲಿಲ್ಲ; ಆಸ್ಪತ್ರೆಗೇ ಹೋಗಿರಲಿಲ್ಲ. ರಕ್ತ ಧಾರವಾಡಕ್ಕೆ ಹೋಯಿತು.

ಉತ್ತರ ಬಂದಾಗ ತಿಳಿಯಿತು: ಮೈ ಗುರುತು ಹಿಡಿದಿತ್ತು. ಕಳೆದುಹೋದ ಬಸಿರಿನ ನೆನಪನ್ನು ಮನೆಯವರು ಮುಚ್ಚಿಟ್ಟಿದ್ದರು, ರಕ್ತ ಇಟ್ಟುಕೊಂಡಿತ್ತು. ಇಂಜೆಕ್ಷನ್ನಿನ ದಾರಿ ಮುಗಿದಿತ್ತು. ಇನ್ನುಳಿದದ್ದು ನಿಗಾ. ಧಾರವಾಡದ ದೊಡ್ಡ ಆಸ್ಪತ್ರೆಗೆ ಮೇಲಿಂದ ಮೇಲೆ ಹೋಗಿ ಸ್ಕ್ಯಾನ್ ಮಾಡಿಸಬೇಕಿತ್ತು. ಕೂಸಿನ ತಲೆಯೊಳಗಿನ ನಾಳದಲ್ಲಿ ರಕ್ತ ಎಷ್ಟು ಜೋರಾಗಿ ಓಡುತ್ತಿದೆ ಎಂದು ನೋಡುತ್ತಾರೆ. ರಕ್ತ ತೆಳುವಾದಷ್ಟೂ ಓಟ ಜೋರು. ದೊಡವಾಡದಿಂದ ಧಾರವಾಡಕ್ಕೆ ನೇರ ಬಸ್ಸಿರುವುದರಿಂದ ಅಡ್ಡಿಯಾಗಲಿಲ್ಲ. ಪ್ರತಿ ಸಲವೂ ಸೊಸೆಯ ಪಕ್ಕ ಕಿಟಕಿಯ ಕಡೆ ಅತ್ತೆಯೇ ಕುಳಿತು ಹೋದರು. ಮೊದಲ ಬಾಣಂತನ ತವರಿನದು ಎಂದು ತಂಗಿ ಸಿರಸಂಗಿಗೆ ಕರೆದುಕೊಂಡು ಹೋಗಲು ಬಂದಾಗ, "ಎರಡನೇದು ನಮ್ಮನ್ಯಾಗ ಆಗೂದು ಪದ್ಧತಿ" ಎಂದು ಬೀಗತಿ ಬಾಗಿಲಲ್ಲೇ ತಡೆದರಂತೆ. ತಂಗಿ ನನಗೆ ಫೋನು ಮಾಡಿ, "ಅಕ್ಕಾ, ನೀ ಏನರ ಹೇಳಿದ್ದೇನ?" ಎಂದಳು. "ನಾ ಸೀರಿ ತೋರಿಸಿದ್ನಿ, ಅಷ್ಟ" ಎಂದೆ.

ತಿಂಗಳು ಪೂರ್ತಿ ತುಂಬುವ ಮೊದಲೇ ರಕ್ತದ ಓಟ ಜೋರಾಯಿತು. ಡಾಕ್ಟರು ಇನ್ನು ಕಾಯಬಾರದೆಂದು ಹೆರಿಗೆ ಮಾಡಿಸಿದರು. ಗಂಡು ಕೂಸು, ಅರಿಸಿನ ಮೆತ್ತಿದಂತೆ ಹಳದಿ. ನೀಲಿ ಬೆಳಕಿನ ಡಬ್ಬಿಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿಸಿದ್ದರು, ಒಂದು ಸಲ ರಕ್ತವನ್ನೂ ಕೊಟ್ಟರು. ಗಾಜಿನ ಆಚೆಯಿಂದ ನೋಡುತ್ತ ಬೀಗತಿ, "ಎಷ್ಟು ದಿನ ಹಿಂಗ?" ಎಂದು ನರ್ಸನ್ನು ಕೇಳಿದರು. ರಕ್ತದ ಮೇಲೆ ಬೀಳಲು ತಾಯಿಯಿಂದ ಮಾಸು ದಾಟಿ ಬಂದದ್ದು ಕೂಸಿನ ರಕ್ತದಲ್ಲಿ ಇನ್ನೂ ಕೆಲವು ವಾರ ಇರುತ್ತದೆ, ಮನೆಗೆ ಹೋದ ಮೇಲೂ ರಕ್ತ ನೋಡಿಸುತ್ತಿರಬೇಕು ಎಂದಳು ಅವಳು. ತಾಯಿ ಕೂಸಿಗೆ ಕಾವಲು ಕಳಿಸುವ ದಾರಿಯೂ ಅದೇ. ಕೆಮ್ಮು, ಗೋಬರ ಎನ್ನುವ ದಡಾರದಿಂದ ಕಾಯುವ ಬಲವೂ ಆ ದಾರಿಯಿಂದಲೇ ಹೋಗುತ್ತದೆ ಎಂದು ನಮ್ಮ ಡಾಕ್ಟರ್ ಬಾಯಿ ಆಮೇಲೆ ಹೇಳಿದರು. ಒಂದೇ ದಾರಿಯಲ್ಲಿ ಎರಡೂ ಸರಕು.

ಮನೆಗೆ ಬಂದ ಮೇಲೆ ರಕ್ತ ನೋಡಿಸಲು ಬೀಗತಿ ಮೊಮ್ಮಗನನ್ನು ಬೈಲಹೊಂಗಲಕ್ಕೆ ಕರೆತರುತ್ತಿದ್ದರು. ಬಂದಾಗಲೆಲ್ಲ ನನ್ನ ಗಾದಿಯ ಮೇಲೆ ಕೂಸನ್ನು ಮಲಗಿಸಿ ಕಾಲು ಚಾಚುತ್ತಿದ್ದರು. ಹಳದಿ ಇಳಿದು ತನ್ನ ಬಣ್ಣ ಬಂದಿತ್ತು. ಒಮ್ಮೆ ಹಾಗೆ ಕುಳಿತಿದ್ದಾಗ ಸಂಪಗಾಂವದ ಗಿರಾಕಿಯೊಬ್ಬಳು ಸೀರೆ ನೋಡುತ್ತಿದ್ದಳು. ಕೂಸಿನ ಕಡೆ ಬಾಗಿ, "ಚೊಚ್ಚಲ ಏನ್ರಿ?" ಎಂದು ಕೇಳಿದಳು.

"ಅಲ್ರಿ. ಎರಡನೇದು."

"ಹೌದಾ? ದೊಡ್ಡದು ಎಲ್ಲಿ, ಮನ್ಯಾಗ ಬಿಟ್ಟ ಬಂದೀರೇನ?"

ಬೀಗತಿ ಕೂಸಿನ ಕಾಲ ಮೇಲಿನ ಅರಿವೆ ಸರಿ ಮಾಡಿ ನನ್ನ ಕಡೆ ತಿರುಗಿದರು. "ಇವನ ತಲಿಗೆ ಒಂದು ಕುಂಚಿಗಿ ಹೊಲಸಬೇಕ್ರಿ, ಥಂಡಿಗೆ. ಖಣ ತಗೀರಿ."

"ಯಾವ ಬಣ್ಣದ್ದು?"

"ಹಸರ" ಎಂದರು. ತೆಗೆದುಕೊಟ್ಟೆ. ಎರಡು ಬೆರಳಲ್ಲಿ ಅಂಚು ಹಿಡಿದು ಬೆಳಕಿಗೆ ನೋಡಿದರು. ಪೇಪರಿನಲ್ಲಿ ಸುತ್ತಲು ಹೋದರೆ ಬೇಡವೆಂದು, ಅಂಗಡಿಯ ಹೆಸರಿರುವ ಚೀಲ ಕೇಳಿದರು. ಆಮೇಲೆ ಬೆಲೆ ಹೆಚ್ಚಾಯಿತೆಂದು ಜಗಳ ತೆಗೆದರು.